ಚಿಕ್ಕ ಕುಟುಂಬಕ್ಕೆ ಎಷ್ಟು ವೇಗದ ಅಂತರ್ಜಾಲ ಸಾಕು?

ಹೊಸೂರು, ಬಾಗಲೂರು, ಕೆಲಮಂಗಲ, ತಳಿ, ಡೆಂಕಣಿಕೋಟೆ ಮೊದಲಾದ ಊರುಗಳ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರನ್ನು ಪಾಲಕರು ಈಚೆಗೆ ಕೇಳುವ ಪ್ರಶ್ನೆಗಳಲ್ಲಿ ಒಂದು ಪಠ್ಯಪುಸ್ತಕದ ಯಾವ ಪಾಠಕ್ಕೂ ಸೇರಿದುದಲ್ಲ. ‘ಮನೆಗೆ ನೆಟ್ ಹಾಕಿಸಬೇಕು, ಯಾವ ಪ್ಲಾನ್ ತೆಗೆದುಕೊಳ್ಳೋಣ?’ ಎಂಬುದೇ ಆ ಪ್ರಶ್ನೆ. ಕಂಪನಿಯ ಪ್ರತಿನಿಧಿ ಹೆಚ್ಚಿನ ಸಂಖ್ಯೆಯನ್ನು ತೋರಿಸುತ್ತಾನೆ. ನೆರೆಯವರು ತಮ್ಮ ಮನೆಯ ಸಂಖ್ಯೆಯನ್ನು ಹೇಳುತ್ತಾರೆ. ಪಾಲಕರು ಗೊಂದಲಕ್ಕೆ ಬೀಳುತ್ತಾರೆ. ಶಿಕ್ಷಕರ ಮನೆಗಳಲ್ಲೂ ಪರಿಸ್ಥಿತಿ ಇದಕ್ಕಿಂತ ಭಿನ್ನವಾಗಿಲ್ಲ. ಹಾಜರಾತಿಯ ದಾಖಲೆ, ಆನ್‌ಲೈನ್ ತರಬೇತಿ, ಮೌಲ್ಯಮಾಪನದ ಅಂಕ ನಮೂದು ಇವೆಲ್ಲವೂ ಅಂತರ್ಜಾಲವನ್ನೇ ಅವಲಂಬಿಸಿರುವ ಇಂದಿನ ದಿನಗಳಲ್ಲಿ ಮನೆಯ ಸಂಪರ್ಕವು ವೃತ್ತಿಯ ಒಂದು ಸಾಧನವೇ ಆಗಿದೆ.

ಗಡಿನಾಡಿನ ಕನ್ನಡ ಮಕ್ಕಳ ಮಟ್ಟಿಗೆ ಈ ಪ್ರಶ್ನೆಗೆ ಮತ್ತೊಂದು ಮಹತ್ವವೂ ಇದೆ. ಬೀದಿಯ ಫಲಕ, ಬಸ್ಸಿನ ಹೆಸರು, ಕಚೇರಿಯ ಅರ್ಜಿ ಎಲ್ಲವೂ ತಮಿಳಿನಲ್ಲಿರುವ ಪರಿಸರದಲ್ಲಿ, ಶಾಲೆಯ ಹೊರಗೆ ಕನ್ನಡದ ಓದು ಮತ್ತು ಆಲಿಕೆಗೆ ಅವರಿಗಿರುವ ದಾರಿಗಳು ಕೆಲವೇ. ಅವುಗಳಲ್ಲಿ ಅಂತರ್ಜಾಲವೂ ಒಂದು. ಆದುದರಿಂದ ದುಬಾರಿಯೆಂಬ ಭಯದಿಂದ ಸಂಪರ್ಕವನ್ನೇ ಕೈಬಿಡುವುದೂ ತಪ್ಪು. ಬಳಕೆಗೆ ಬಾರದ ವೇಗಕ್ಕಾಗಿ ತಿಂಗಳು ತಿಂಗಳೂ ಹಣ ಸುರಿಯುವುದೂ ತಪ್ಪು. ಇವೆರಡರ ನಡುವಿನ ದಾರಿಯನ್ನು ಕಂಡುಕೊಳ್ಳಲು ಏಳನೆಯ ತರಗತಿಯ ಗಣಿತವೇ ಸಾಕು. ಆ ಲೆಕ್ಕವನ್ನು ಮಾಡುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ವೇಗ ಎಂದರೇನು?

ಅಂತರ್ಜಾಲದ ವೇಗವನ್ನು ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು ಅಳೆಯುತ್ತಾರೆ. ಇದನ್ನೇ ಜಾಹೀರಾತುಗಳಲ್ಲಿ ‘ಎಂಬಿಪಿಎಸ್’ ಎಂದು ಬರೆಯುತ್ತಾರೆ. ಬಿಟ್ ಎಂಬುದು ಮಾಹಿತಿಯ ಅತ್ಯಂತ ಚಿಕ್ಕ ಘಟಕ. ಎಂಟು ಬಿಟ್‌ಗಳು ಸೇರಿದರೆ ಒಂದು ಬೈಟ್. ಕಡತಗಳ ಗಾತ್ರವನ್ನು ಬೈಟ್‌ಗಳಲ್ಲಿ ಹೇಳುವುದು ರೂಢಿ. ವೇಗವನ್ನು ಬಿಟ್‌ಗಳಲ್ಲಿ ಹೇಳುವುದು ರೂಢಿ. ಗೊಂದಲದ ಮೊದಲ ಮೂಲ ಇದೇ.

ಇಂಗ್ಲಿಷ್ ಲಿಪಿಯಲ್ಲಿ ಬಿಟ್‌ಗೆ ಚಿಕ್ಕ ಅಕ್ಷರವನ್ನೂ ಬೈಟ್‌ಗೆ ದೊಡ್ಡ ಅಕ್ಷರವನ್ನೂ ಬಳಸಿ ವ್ಯತ್ಯಾಸ ತೋರಿಸುತ್ತಾರೆ. ಕನ್ನಡ ಲಿಪಿಯಲ್ಲಿ ಚಿಕ್ಕ ಅಕ್ಷರ, ದೊಡ್ಡ ಅಕ್ಷರ ಎಂಬ ಭೇದವಿಲ್ಲ. ‘ಎಂಬಿ’ ಎಂದು ಬರೆದರೆ ಎರಡೂ ಒಂದೇ ರೀತಿ ಕಾಣುತ್ತವೆ. ಹೀಗಾಗಿ ಕನ್ನಡದಲ್ಲಿ ಬೋಧಿಸುವವರು ಸಂಕ್ಷಿಪ್ತ ರೂಪವನ್ನು ಬಿಟ್ಟು ಮೆಗಾಬಿಟ್, ಮೆಗಾಬೈಟ್ ಎಂದು ಪೂರ್ಣವಾಗಿ ಬರೆಯುವುದು ಲೇಸು.

ಒಂದು ಉದಾಹರಣೆ: ಸೆಕೆಂಡಿಗೆ 40 ಮೆಗಾಬಿಟ್ ವೇಗದ ಸಂಪರ್ಕವಿದ್ದರೆ ಒಂದು ಸೆಕೆಂಡಿನಲ್ಲಿ ಬರುವುದು 40 ಮೆಗಾಬೈಟ್ ಅಲ್ಲ, 40ನ್ನು 8ರಿಂದ ಭಾಗಿಸಿದರೆ ದೊರೆಯುವ 5 ಮೆಗಾಬೈಟ್ ಮಾತ್ರ. 40 ಮೆಗಾಬೈಟ್ ಗಾತ್ರದ ಪಠ್ಯಪುಸ್ತಕವೊಂದನ್ನು ಇಳಿಸಿಕೊಳ್ಳಲು ಒಂದು ಸೆಕೆಂಡಲ್ಲ, ಎಂಟು ಸೆಕೆಂಡು ಬೇಕು. ‘ನಲವತ್ತು ಹೇಳಿ ಐದು ಕೊಡುತ್ತಿದ್ದಾರೆ’ ಎಂಬ ದೂರು ಹಲವು ವೇಳೆ ಈ ಭಾಗಾಕಾರವನ್ನು ಮರೆತದ್ದರಿಂದಲೇ ಹುಟ್ಟುತ್ತದೆ.

ವೇಗವೆಂಬ ಪದವೂ ಕೊಂಚ ದಾರಿ ತಪ್ಪಿಸುವಂತಹುದು. ಸೆಕೆಂಡಿಗೆ ನೂರು ಮೆಗಾಬಿಟ್‌ನ ಸಂಪರ್ಕದಲ್ಲಿ ಮಾಹಿತಿಯು ಐವತ್ತರ ಸಂಪರ್ಕಕ್ಕಿಂತ ವೇಗವಾಗಿ ಓಡುವುದಿಲ್ಲ. ಎರಡರಲ್ಲೂ ಬೆಳಕು ಗಾಜಿನ ತಂತುವಿನಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್‌ನಂತೆ ಚಲಿಸುತ್ತದೆ. ಹೊಸೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಬೆಂಗಳೂರನ್ನು ಮುಟ್ಟಲು ಅದಕ್ಕೆ ಬೇಕಾದುದು ಒಂದು ಸೆಕೆಂಡಿನ ಐದು ಸಾವಿರದ ಒಂದು ಭಾಗ ಮಾತ್ರ. ಹೆಚ್ಚುವುದು ಓಟವಲ್ಲ, ಒಮ್ಮೆಲೇ ಸಾಗಬಲ್ಲ ಪ್ರಮಾಣ.

ಮೇಲ್ತೊಟ್ಟಿಯಿಂದ ಮನೆಗೆ ಬರುವ ಕೊಳವೆಯ ಹೋಲಿಕೆ ಇಲ್ಲಿ ಉಪಯುಕ್ತ. ಕೊಳವೆ ದಪ್ಪವಾಗಿದ್ದರೆ ಏಕಕಾಲಕ್ಕೆ ಹೆಚ್ಚು ನಲ್ಲಿಗಳನ್ನು ತೆರೆಯಬಹುದು. ಆದರೆ ತೆರೆದಿರುವುದು ಒಂದೇ ನಲ್ಲಿಯಾದರೆ, ಅದಕ್ಕೆ ಸಾಲುವಷ್ಟು ನೀರು ಬರುತ್ತಿದ್ದರೆ, ಕೊಳವೆಯನ್ನು ಇನ್ನಷ್ಟು ದಪ್ಪ ಮಾಡಿದುದರಿಂದ ಬಿಂದಿಗೆ ಬೇಗ ತುಂಬುವುದಿಲ್ಲ. ಆದುದರಿಂದ ಕುಟುಂಬವು ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಮನೆಯಲ್ಲಿ ಎಷ್ಟು ಉಪಕರಣಗಳಿವೆ?’ ಎಂಬುದಲ್ಲ; ‘ಏಕಕಾಲಕ್ಕೆ ಎಷ್ಟು ನಲ್ಲಿಗಳು ತೆರೆದಿರುತ್ತವೆ?’ ಎಂಬುದು.

ಯಾವ ಕೆಲಸಕ್ಕೆ ಎಷ್ಟು ಬೇಕು?

ಸಾಮಾನ್ಯ ಬಳಕೆಗಳಿಗೆ ಬೇಕಾಗುವ ವೇಗವನ್ನು ಸೇವೆ ನೀಡುವ ಸಂಸ್ಥೆಗಳೇ ಪ್ರಕಟಿಸಿವೆ. ಅವುಗಳ ಆಧಾರದ ಮೇಲೆ ಈ ಕೆಳಗಿನ ಅಂದಾಜುಗಳನ್ನು ಇಟ್ಟುಕೊಳ್ಳಬಹುದು. ಎಲ್ಲವೂ ಸೆಕೆಂಡಿಗೆ ಮೆಗಾಬಿಟ್‌ಗಳಲ್ಲಿವೆ.

ಧ್ವನಿ ಪ್ರಸಾರ ಅಥವಾ ಆಕಾಶವಾಣಿಯನ್ನು ಕೇಳುವುದು: ಅರ್ಧಕ್ಕಿಂತ ಕಡಿಮೆ.
ಅಕ್ಷರ ಪುಟಗಳ ಓದು, ಸಂದೇಶ, ಅಂಕ ನಮೂದು: 1 ಸಾಕು.
ಇಬ್ಬರ ನಡುವಿನ ವಿಡಿಯೊ ಕರೆ: 1ರಿಂದ 2.
ಜೂಮ್‌ನಂತಹ ವೇದಿಕೆಯಲ್ಲಿ ಹಲವರ ಮುಖ ಕಾಣುವ ಸಭೆ ಅಥವಾ ತರಬೇತಿ: 2ರಿಂದ 4.
720 ಗೆರೆಗಳ ಸ್ಪಷ್ಟತೆಯ ವಿಡಿಯೊ: 2.5ರಿಂದ 3.
1080 ಗೆರೆಗಳ ಪೂರ್ಣ ಸ್ಪಷ್ಟತೆಯ ವಿಡಿಯೊ: 5.
‘4ಕೆ’ ಎಂದು ಕರೆಯುವ ಅತಿ ಸ್ಪಷ್ಟತೆಯ ವಿಡಿಯೊ: 15ರಿಂದ 20.

ಈ ಪಟ್ಟಿಯನ್ನು ಗಮನವಿಟ್ಟು ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಕೊನೆಯ ಒಂದನ್ನು ಬಿಟ್ಟರೆ ಉಳಿದವುಗಳಲ್ಲಿ ಯಾವುದಕ್ಕೂ 5 ಮೆಗಾಬಿಟ್‌ಗಿಂತ ಹೆಚ್ಚು ಬೇಕಿಲ್ಲ. ‘4ಕೆ’ ಬಳಕೆಗೆ ಅದಕ್ಕೆ ತಕ್ಕ ದೂರದರ್ಶನ ಪೆಟ್ಟಿಗೆ, ತಕ್ಕ ಚಂದಾ ಎರಡೂ ಇರಬೇಕು. ಕೈಯಗಲದ ಮೊಬೈಲ್ ಪರದೆಯಲ್ಲಿ ಅದರ ಪ್ರಯೋಜನ ಕಣ್ಣಿಗೆ ಕಾಣುವುದಿಲ್ಲ.

ಕಾನೂನಿನ ದೃಷ್ಟಿಯಿಂದ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳುವ ಕನಿಷ್ಠ ವೇಗವೂ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಭಾರತದಲ್ಲಿ 2004ರ ನೀತಿಯಂತೆ ಅದು ಸೆಕೆಂಡಿಗೆ 256 ಕಿಲೋಬಿಟ್ ಆಗಿತ್ತು. 2013ರಲ್ಲಿ 512 ಕಿಲೋಬಿಟ್ ಆಯಿತು. 2023ರ ಜನವರಿಯಲ್ಲಿ 2 ಮೆಗಾಬಿಟ್‌ಗೆ ಏರಿತು. ಅಮೆರಿಕದಲ್ಲಿ 2015ರಿಂದ 25 ಮೆಗಾಬಿಟ್ ಇದ್ದ ಮಾನದಂಡವನ್ನು 2024ರಲ್ಲಿ 100ಕ್ಕೆ ಏರಿಸಲಾಯಿತು. ಇವು ಸಾರ್ವಜನಿಕ ನೀತಿಯ ಗೆರೆಗಳು. ಒಂದು ಮನೆಯ ಅಗತ್ಯವನ್ನು ಅಳೆಯುವ ಕೋಲುಗಳಲ್ಲ. 2 ಮೆಗಾಬಿಟ್‌ನಲ್ಲಿ ಪೂರ್ಣ ಸ್ಪಷ್ಟತೆಯ ಒಂದು ವಿಡಿಯೊ ಸಹ ಸಲೀಸಾಗಿ ಓಡದು. ಹಾಗೆಯೇ ನಾಲ್ಕು ಮಂದಿಯ ಮನೆಗೆ 100 ಬೇಕೇಬೇಕು ಎನ್ನುವುದಕ್ಕೂ ಆಧಾರವಿಲ್ಲ.

ಒಂದು ಮನೆಯ ಲೆಕ್ಕ

ಡೆಂಕಣಿಕೋಟೆಯಲ್ಲಿ ನೆಲೆಸಿರುವ ನಾಲ್ವರ ಕುಟುಂಬವೊಂದನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ತಾಯಿ ಶಿಕ್ಷಕಿ, ತಂದೆ ಹೊಸೂರಿನ ಕಾರ್ಖಾನೆಯೊಂದರ ನೌಕರ, ಮಗ ಹತ್ತನೆಯ ತರಗತಿಯ ವಿದ್ಯಾರ್ಥಿ, ಜೊತೆಗೆ ಅಜ್ಜಿ. ದಿನದಲ್ಲಿ ಬಳಕೆ ಅತ್ಯಧಿಕವಾಗಿರುವ ಹೊತ್ತನ್ನು ಮೊದಲು ಗುರುತಿಸಬೇಕು. ಹೆಚ್ಚಿನ ಮನೆಗಳಲ್ಲಿ ಅದು ರಾತ್ರಿ ಏಳೂವರೆಯಿಂದ ಒಂಬತ್ತರವರೆಗಿನ ಅವಧಿ.

ಆ ಹೊತ್ತಿನಲ್ಲಿ ತಾಯಿ ಆನ್‌ಲೈನ್ ತರಬೇತಿಯಲ್ಲಿದ್ದಾರೆ: 4. ಅಜ್ಜಿ ದೂರದರ್ಶನದಲ್ಲಿ ಅಂತರ್ಜಾಲದ ಮೂಲಕ ಧಾರಾವಾಹಿ ನೋಡುತ್ತಿದ್ದಾರೆ: 5. ಮಗ ವಿಜ್ಞಾನದ ಪಾಠವನ್ನು ನೋಡುತ್ತಿದ್ದಾನೆ: 3. ತಂದೆ ಊರಿನ ಬಂಧುಗಳೊಡನೆ ವಿಡಿಯೊ ಕರೆಯಲ್ಲಿದ್ದಾರೆ: 2. ಮೊಬೈಲ್‌ಗಳು ಹಿನ್ನೆಲೆಯಲ್ಲಿ ತಾವೇ ನಡೆಸುವ ನವೀಕರಣಕ್ಕೆ: 2. ಒಟ್ಟು 16 ಮೆಗಾಬಿಟ್. ಅನಿರೀಕ್ಷಿತ ಬಳಕೆಗೆಂದು ಇದರ ಅರ್ಧವನ್ನು ಮೀಸಲಾಗಿ ಸೇರಿಸಿದರೆ 24. ಮಾರುಕಟ್ಟೆಯಲ್ಲಿ ದೊರೆಯುವ 30 ಮೆಗಾಬಿಟ್‌ನ ಯೋಜನೆ ಈ ಮನೆಗೆ ಧಾರಾಳವಾಗಿ ಸಾಲುತ್ತದೆ.

ಅದೇ ಮನೆಗೆ ‘4ಕೆ’ ದೂರದರ್ಶನ ಬಂದಿತೆನ್ನೋಣ. 5ರ ಬದಲು 20 ಬರೆದರೆ ಒಟ್ಟು 31. ಅರ್ಧ ಮೀಸಲು ಸೇರಿ ಸುಮಾರು 47. ಆಗ 50 ಮೆಗಾಬಿಟ್‌ನ ಯೋಜನೆಯನ್ನು ಪರಿಗಣಿಸಬಹುದು. ಗಂಡ ಹೆಂಡತಿ ಇಬ್ಬರೇ ಇದ್ದು, ಒಂದು ದೂರದರ್ಶನ ಮತ್ತು ಎರಡು ಮೊಬೈಲ್‌ಗಳಷ್ಟೇ ಇರುವ ಮನೆಯಲ್ಲಿ ಲೆಕ್ಕವು 15ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ.

100 ಅಥವಾ ಅದಕ್ಕಿಂತ ಹೆಚ್ಚಿನ ವೇಗ ಯಾರಿಗೆ ಬೇಕು? ಬೆಂಗಳೂರಿನ ಸಂಸ್ಥೆಗಳಿಗೆ ಹೊಸೂರಿನ ಮನೆಯಿಂದಲೇ ಕೆಲಸ ಮಾಡುವ ಇಬ್ಬರು ಮೂವರು ಒಂದೇ ಮನೆಯಲ್ಲಿದ್ದರೆ, ಹಲವು ಗಿಗಾಬೈಟ್ ಗಾತ್ರದ ಕಡತಗಳನ್ನು ದಿನವೂ ಕಳುಹಿಸುವ ಅಥವಾ ತರಿಸುವ ಕೆಲಸವಿದ್ದರೆ, ಎರಡು ಮೂರು ‘4ಕೆ’ ಪೆಟ್ಟಿಗೆಗಳು ಏಕಕಾಲಕ್ಕೆ ಓಡುತ್ತಿದ್ದರೆ, ಆಗ ಅದು ಸಾರ್ಥಕ. ಇಲ್ಲದಿದ್ದರೆ ಹೆಚ್ಚುವರಿ ಹಣವು ತೆರೆಯದ ನಲ್ಲಿಗಳಿಗಾಗಿ ತೆತ್ತ ತೆರಿಗೆಯಂತೆ.

ಕಳುಹಿಸುವ ವೇಗ

ಜಾಹೀರಾತಿನಲ್ಲಿ ಕಾಣುವ ಸಂಖ್ಯೆ ಸಾಮಾನ್ಯವಾಗಿ ಡೌನ್‌ಲೋಡ್ ವೇಗ, ಅಂದರೆ ಮನೆಗೆ ಬರುವ ಮಾಹಿತಿಯ ವೇಗ. ಮನೆಯಿಂದ ಹೊರಗೆ ಹೋಗುವ ಅಪ್‌ಲೋಡ್ ವೇಗವನ್ನು ಶಿಕ್ಷಕರು ಪ್ರತ್ಯೇಕವಾಗಿ ವಿಚಾರಿಸಬೇಕು. ತರಗತಿಯ ಚಟುವಟಿಕೆಯ 200 ಮೆಗಾಬೈಟ್ ಗಾತ್ರದ ವಿಡಿಯೊವೊಂದನ್ನು ಕಳುಹಿಸಬೇಕೆಂದಿಟ್ಟುಕೊಳ್ಳೋಣ. ಅದು 1600 ಮೆಗಾಬಿಟ್‌ಗೆ ಸಮ. ಅಪ್‌ಲೋಡ್ ವೇಗ 2 ಇದ್ದರೆ 800 ಸೆಕೆಂಡು, ಎಂದರೆ 13 ನಿಮಿಷಕ್ಕೂ ಹೆಚ್ಚು. 20 ಇದ್ದರೆ 80 ಸೆಕೆಂಡು. ಆನ್‌ಲೈನ್ ಸಭೆಯಲ್ಲಿ ‘ನಿಮ್ಮ ಧ್ವನಿ ಕಡಿದು ಕಡಿದು ಬರುತ್ತಿದೆ’ ಎಂದು ಇತರರು ಹೇಳಿದಾಗ ಸಂದೇಹಿಸಬೇಕಾದುದು ಮೊದಲು ಈ ವೇಗವನ್ನು. ಗಾಜಿನ ತಂತುವಿನ, ಎಂದರೆ ಫೈಬರ್‌ನ, ಅನೇಕ ಯೋಜನೆಗಳಲ್ಲಿ ಎರಡು ದಿಕ್ಕಿನ ವೇಗವೂ ಸಮಾನವಾಗಿರುತ್ತದೆ. ಗೋಪುರದಿಂದ ರೇಡಿಯೊ ತರಂಗಗಳ ಮೂಲಕ ಮನೆಗೆ ಬರುವ ಸಂಪರ್ಕಗಳಲ್ಲಿ ಕಳುಹಿಸುವ ವೇಗ ಸಾಮಾನ್ಯವಾಗಿ ಕಡಿಮೆ.

ಮಾಸಿಕ ಮಿತಿ ಮತ್ತು ನಿಜವಾದ ಬೆಲೆ

‘ಅನಿಯಮಿತ’ ಎಂಬ ಹೆಸರಿದ್ದರೂ ಅನೇಕ ಯೋಜನೆಗಳಿಗೆ ನ್ಯಾಯಬದ್ಧ ಬಳಕೆಯ ಮಿತಿ ಇರುತ್ತದೆ. ತಿಂಗಳಿಗೆ 3300 ಗಿಗಾಬೈಟ್ ಎಂಬುದು ಗೃಹಬಳಕೆಯ ಯೋಜನೆಗಳಲ್ಲಿ ಪದೇ ಪದೇ ಕಾಣುವ ಸಂಖ್ಯೆ. ಅದನ್ನು ದಾಟಿದರೆ ತಿಂಗಳ ಉಳಿದ ದಿನಗಳಲ್ಲಿ ವೇಗವನ್ನು ಬಹಳ ಕಡಿಮೆ ಮಾಡುತ್ತಾರೆ. ಈ ಮಿತಿ ಚಿಕ್ಕ ಕುಟುಂಬವನ್ನು ಬಾಧಿಸುವುದೇ? ಪೂರ್ಣ ಸ್ಪಷ್ಟತೆಯ ವಿಡಿಯೊ ಸೆಕೆಂಡಿಗೆ 5 ಮೆಗಾಬಿಟ್‌ನಂತೆ ಗಂಟೆಗೆ 2.25 ಗಿಗಾಬೈಟ್ ಬಳಸುತ್ತದೆ. ದಿನಕ್ಕೆ ನಾಲ್ಕು ಗಂಟೆ ನೋಡಿದರೂ 9 ಗಿಗಾಬೈಟ್. 30 ದಿನಗಳಿಗೆ 270. ಅಂತಹ ಮೂರು ಪರದೆಗಳಿದ್ದರೂ 810. ಹೀಗಾಗಿ ಮಿತಿಯ ಬಗ್ಗೆ ಅಂಜಬೇಕಾಗಿಲ್ಲ. ಆದರೆ ಅಗ್ಗದ ಕೆಲವು ಯೋಜನೆಗಳಲ್ಲಿ ಮಿತಿ ತುಂಬ ಚಿಕ್ಕದಾಗಿರಬಹುದಾದುದರಿಂದ ಅದನ್ನು ಓದಿ ನೋಡದೆ ಒಪ್ಪಬಾರದು.

ಬೆಲೆಯ ವಿಚಾರದಲ್ಲಿಯೂ ಕೂಡಿಸಿ ನೋಡುವ ಅಭ್ಯಾಸ ಬೇಕು. ಅಂತರ್ಜಾಲ ಸೇವೆಗೆ ಶೇಕಡಾ 18ರಷ್ಟು ಜಿಎಸ್‌ಟಿ ಇದೆ. ತಿಂಗಳಿಗೆ 399 ರೂಪಾಯಿ ಎಂದು ಬರೆದಿರುವ ಯೋಜನೆಗೆ ನಿಜವಾಗಿ ತೆರಬೇಕಾದುದು 470 ರೂಪಾಯಿ 82 ಪೈಸೆ. 699 ರೂಪಾಯಿಯ ಯೋಜನೆಗೆ 824 ರೂಪಾಯಿ 82 ಪೈಸೆ. ಎರಡರ ನಡುವಿನ ವ್ಯತ್ಯಾಸ ತಿಂಗಳಿಗೆ 354 ರೂಪಾಯಿ. ವರ್ಷಕ್ಕೆ 4248 ರೂಪಾಯಿ. ಹೂ ತೋಟದಲ್ಲಿಯೋ ಕಾರ್ಖಾನೆಯಲ್ಲಿಯೋ ದುಡಿಯುವ ಪಾಲಕರಿಗೆ ಇದು ಅಲ್ಪ ಮೊತ್ತವಲ್ಲ. ಮಗುವಿಗೆ ಒಂದು ನಿಘಂಟು, ಒಂದು ಕನ್ನಡ ಮಾಸಿಕದ ಚಂದಾ, ಕೆಲವು ಕಥೆ ಪುಸ್ತಕಗಳು ಇಷ್ಟನ್ನೂ ಆ ಹಣದಲ್ಲಿ ಕೊಡಿಸಬಹುದು.

ಅಳವಡಿಕೆಯ ಶುಲ್ಕ, ಮೋಡೆಮ್‌ನ ಠೇವಣಿ, ಅದು ಮರಳಿ ಬರುವ ಷರತ್ತು, ಆರಂಭದ ರಿಯಾಯಿತಿ ಮುಗಿದ ಮೇಲಿನ ದರ ಇವುಗಳನ್ನೂ ಮೊದಲೇ ಕೇಳಿ ತಿಳಿಯಬೇಕು. ಸಿನಿಮಾ ವೇದಿಕೆಗಳ ಚಂದಾವನ್ನು ಒಳಗೊಂಡ ಯೋಜನೆಗಳಲ್ಲಿ ಬೆಲೆಯ ಒಂದು ಪಾಲು ಆ ಚಂದಾಕ್ಕೇ ಹೋಗುತ್ತದೆ. ಮನೆಯವರು ಅದನ್ನು ನೋಡದಿದ್ದರೆ ಅದು ವ್ಯರ್ಥ. ಸೇವೆಯ ಗುಣಮಟ್ಟ ತಿಳಿಯುವ ಮೊದಲೇ ಇಡೀ ವರ್ಷದ ಹಣ ಕಟ್ಟುವುದು ಉಚಿತವಲ್ಲ. ಮೊದಲ ಒಂದೆರಡು ತಿಂಗಳು ಮಾಸಿಕವಾಗಿ ಪಾವತಿಸಿ, ಅನಂತರ ನಿರ್ಧರಿಸುವುದು ವಿವೇಕ.

ಮೊಬೈಲ್ ಒಂದೇ ಸಾಲದೇ?

ಎಲ್ಲ ಮನೆಗಳಿಗೂ ಸ್ಥಿರ ಸಂಪರ್ಕ ಬೇಕೆಂದಿಲ್ಲ. ದಿನಕ್ಕೆ 1.5 ಗಿಗಾಬೈಟ್ ನೀಡುವ ಮೊಬೈಲ್ ಯೋಜನೆಯಲ್ಲಿ 720 ಗೆರೆಗಳ ವಿಡಿಯೊವನ್ನು ಸುಮಾರು 80 ನಿಮಿಷ ನೋಡಬಹುದು. ಒಂದೇ ಮೊಬೈಲ್ ಇರುವ ಮನೆಯಲ್ಲಿ, ಮಗುವಿಗೆ ದಿನಕ್ಕೊಂದು ಪಾಠ ನೋಡಲು ಇದು ಸಾಕು. ಮನೆಯಲ್ಲಿ ಮೂರು ನಾಲ್ಕು ಮೊಬೈಲ್‌ಗಳಿದ್ದು, ಪ್ರತಿಯೊಂದಕ್ಕೂ ದುಬಾರಿ ದತ್ತಾಂಶ ಯೋಜನೆ ಹಾಕಿಸುತ್ತಿದ್ದರೆ, ಆಗ ಒಂದು ಸ್ಥಿರ ಸಂಪರ್ಕ ಪಡೆದು ಮೊಬೈಲ್‌ಗಳಿಗೆ ಅಗ್ಗದ ಯೋಜನೆ ಇಟ್ಟುಕೊಳ್ಳುವುದು ಒಟ್ಟಿನಲ್ಲಿ ಲಾಭಕರವಾಗಬಹುದು. ಎರಡೂ ರೀತಿಯ ಒಟ್ಟು ಮೊತ್ತವನ್ನು ಕಾಗದದ ಮೇಲೆ ಬರೆದು ಹೋಲಿಸಬೇಕು.

ಅಂಚೆಟ್ಟಿ, ತಳಿ ಕಡೆಯ ಬೆಟ್ಟ ಕಾಡುಗಳ ನಡುವಿನ ಹಳ್ಳಿಗಳಲ್ಲಿ ಮೊದಲು ತಿಳಿಯಬೇಕಾದುದು ಯಾವ ಬಗೆಯ ಸಂಪರ್ಕ ಅಲ್ಲಿಗೆ ತಲಪುತ್ತದೆ ಎಂಬುದನ್ನು. ಗ್ರಾಮ ಪಂಚಾಯತಿಗಳನ್ನು ಗಾಜಿನ ತಂತುವಿನಿಂದ ಜೋಡಿಸುವ ರಾಷ್ಟ್ರೀಯ ಯೋಜನೆಗೆ 2011ರಲ್ಲಿ ಅನುಮೋದನೆ ದೊರೆಯಿತು. ಅದೇ ಮುಂದೆ ಭಾರತ್‌ನೆಟ್ ಎಂಬ ಹೆಸರು ಪಡೆಯಿತು. ತಮಿಳುನಾಡಿನ 12,525 ಗ್ರಾಮ ಪಂಚಾಯತಿಗಳಿಗೆ ಈ ಜಾಲವನ್ನು ಒಯ್ಯುವ ಹೊಣೆ ತಮಿಳುನಾಡು ಫೈಬರ್‌ನೆಟ್ ನಿಗಮದ್ದು. ಪಂಚಾಯತಿ ಕಚೇರಿಯವರೆಗೆ ತಂತು ಬಂದಿದೆಯೇ, ಅಲ್ಲಿಂದ ಮನೆಗಳಿಗೆ ಸೇವೆ ನೀಡುವವರು ಯಾರು ಎಂಬುದನ್ನು ಪಂಚಾಯತಿಯಲ್ಲಿಯೇ ವಿಚಾರಿಸಬಹುದು. ತಂತು ಬಾರದ ಕಡೆ ಗೋಪುರದಿಂದ ಬರುವ ನಿಸ್ತಂತು ಸಂಪರ್ಕವನ್ನೇ ನೆಚ್ಚಬೇಕು. ಅಂತಹ ಕಡೆ ಹಣ ಕಟ್ಟುವ ಮೊದಲು ಅದೇ ಕಂಪನಿಯ ಸಿಮ್ ಇರುವ ಮೊಬೈಲನ್ನು ಮನೆಯ ಒಳಗೂ ಮಾಳಿಗೆಯ ಮೇಲೂ ಇಟ್ಟು, ಬೆಳಗ್ಗೆ ಮತ್ತು ರಾತ್ರಿ ವೇಗವನ್ನು ಅಳೆದು ನೋಡುವುದು ಒಳಿತು.

ದೋಷ ಎಲ್ಲಿದೆ ಎಂದು ತಿಳಿಯುವ ಬಗೆ

ಅಂತರ್ಜಾಲ ನಿಧಾನವಾದೊಡನೆ ಹೆಚ್ಚಿನ ವೇಗದ ಯೋಜನೆಗೆ ಬದಲಾಯಿಸುವುದು ರೂಢಿ. ದೋಷ ಮನೆಯ ಒಳಗಿದ್ದರೆ ಇದರಿಂದ ಯಾವ ಪ್ರಯೋಜನವೂ ಆಗದು. ಕೃಷ್ಣಗಿರಿ ಜಿಲ್ಲೆ ಗ್ರಾನೈಟ್ ಕಲ್ಲಿಗೆ ಹೆಸರಾದ ನಾಡು. ಇಲ್ಲಿನ ಹಳೆಯ ಮನೆಗಳಲ್ಲಿ ಕಲ್ಲಿನ ದಪ್ಪ ಗೋಡೆಗಳೂ ಚಪ್ಪಡಿಯ ಮಾಳಿಗೆಗಳೂ ಇವೆ. ವೈಫೈ ಎಂಬುದು ರೇಡಿಯೊ ತರಂಗ. ದಪ್ಪ ಕಲ್ಲು, ಕಬ್ಬಿಣ ಸೇರಿದ ಕಾಂಕ್ರೀಟ್, ಲೋಹದ ಬೀರು, ನೀರಿನ ತೊಟ್ಟಿ ಇವೆಲ್ಲವೂ ಅದನ್ನು ತಡೆಯುತ್ತವೆ. ಹಜಾರದ ಮೂಲೆಯಲ್ಲಿ, ಬೀರುವಿನ ಹಿಂದೆ ಇಟ್ಟ ರೂಟರ್‌ನಿಂದ ಒಳಮನೆಯಲ್ಲಿ ಓದುವ ಮಗುವಿಗೆ ತಲಪುವುದು ಮೂಲ ವೇಗದ ಅತಿ ಚಿಕ್ಕ ಭಾಗವಾಗಿರಬಹುದು.

ರೂಟರ್‌ಗಳು ಸಾಮಾನ್ಯವಾಗಿ ಎರಡು ತರಂಗಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ. 2.4 ಗಿಗಾಹರ್ಟ್ಸ್ ಪಟ್ಟಿಯು ಗೋಡೆಗಳನ್ನು ದಾಟಿ ದೂರ ಹೋಗುತ್ತದೆ, ಆದರೆ ಅದರ ವೇಗ ಕಡಿಮೆ. 5 ಗಿಗಾಹರ್ಟ್ಸ್ ಪಟ್ಟಿಯ ವೇಗ ಹೆಚ್ಚು, ಆದರೆ ಗೋಡೆಗಳ ಮುಂದೆ ಸೋಲುತ್ತದೆ. ಅಗ್ಗದ ಕೆಲವು ಮೊಬೈಲ್‌ಗಳಲ್ಲಿ ಮೊದಲನೆಯ ಪಟ್ಟಿ ಮಾತ್ರ ಇರುತ್ತದೆ. ಅಂತಹ ಮೊಬೈಲ್‌ಗೆ 200 ಮೆಗಾಬಿಟ್‌ನ ಸಂಪರ್ಕ ಕೊಟ್ಟರೂ ಅದು ಅಷ್ಟನ್ನು ಸ್ವೀಕರಿಸಲಾರದು.

ದೋಷದ ಸ್ಥಳವನ್ನು ಹುಡುಕಲು ಸರಳ ಪರೀಕ್ಷೆಯೊಂದಿದೆ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2016ರಲ್ಲಿ ಹೊರತಂದ ‘ಮೈಸ್ಪೀಡ್’ ಎಂಬ ತಂತ್ರಾಂಶವನ್ನಾಗಲಿ ಬೇರೆ ಯಾವುದೇ ವೇಗ ಪರೀಕ್ಷಕವನ್ನಾಗಲಿ ಬಳಸಬಹುದು. ರೂಟರ್‌ನ ಪಕ್ಕದಲ್ಲಿ ನಿಂತು ಒಮ್ಮೆ, ಅತಿ ದೂರದ ಕೋಣೆಯಲ್ಲಿ ಒಮ್ಮೆ ಅಳೆಯಬೇಕು. ಇದನ್ನೇ ಬೆಳಗ್ಗೆ ಆರು ಗಂಟೆಗೆ ಮತ್ತು ರಾತ್ರಿ ಎಂಟು ಗಂಟೆಗೆ ಮಾಡಬೇಕು. ಅಳೆಯುವಾಗ ಮನೆಯ ಇತರ ಉಪಕರಣಗಳನ್ನು ಬಳಸಬಾರದು. ಮೂರು ದಿನಗಳ ಫಲಿತಾಂಶವನ್ನು ಬರೆದಿಟ್ಟರೆ ಚಿತ್ರ ಸ್ಪಷ್ಟವಾಗುತ್ತದೆ.

ರೂಟರ್‌ನ ಪಕ್ಕದಲ್ಲಿ ಪೂರ್ಣ ವೇಗವಿದ್ದು ದೂರದ ಕೋಣೆಯಲ್ಲಿ ಕುಸಿದರೆ ದೋಷ ವೈಫೈನದು. ರೂಟರನ್ನು ಮನೆಯ ನಡುಭಾಗಕ್ಕೆ, ಎದೆಯ ಎತ್ತರಕ್ಕಿಂತ ಮೇಲೆ, ತೆರೆದ ಜಾಗದಲ್ಲಿ ಇಟ್ಟರೆ ಖರ್ಚಿಲ್ಲದೆ ಸುಧಾರಣೆ ಕಾಣಬಹುದು. ಸಾಲದಿದ್ದರೆ ಓದುವ ಕೋಣೆಯವರೆಗೆ ಒಂದು ತಂತಿ ಎಳೆಸಬಹುದು.

ಬೆಳಗ್ಗೆ ಚೆನ್ನಾಗಿದ್ದು ರಾತ್ರಿ ಮಾತ್ರ ಎಲ್ಲ ಕೋಣೆಗಳಲ್ಲೂ ನಿಧಾನವಾದರೆ ದೋಷ ಹೊರಗಿನ ಹಂಚಿಕೆಯದು. ಬಳಕೆಯಲ್ಲಿರುವ ಒಂದು ಸಾಮಾನ್ಯ ಫೈಬರ್ ಪದ್ಧತಿಯಲ್ಲಿ ಸೆಕೆಂಡಿಗೆ 2488 ಮೆಗಾಬಿಟ್‌ನ ಒಂದು ತಂತುವನ್ನು 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. 64 ಮನೆಗಳೂ ಒಮ್ಮೆಲೇ ಗರಿಷ್ಠವಾಗಿ ಬಳಸಿದರೆ ಒಂದೊಂದಕ್ಕೆ ಸಿಗುವುದು ಸುಮಾರು 39 ಮಾತ್ರ. ಹಾಗಾಗುವುದು ಅಪರೂಪ, ಆದರೆ ಅದಕ್ಕೂ ಹಿಂದಿನ ದಾರಿಯನ್ನು ಕಂಪನಿ ಕಿರಿದಾಗಿ ಇಟ್ಟಿದ್ದರೆ ಸಂಜೆಯ ಹೊಸೂರು ಅತ್ತಿಬೆಲೆ ರಸ್ತೆಯ ಸ್ಥಿತಿಯೇ ಅಲ್ಲಿಯೂ ಉಂಟಾಗುತ್ತದೆ. ದುಬಾರಿ ವಾಹನ ಕೊಂಡ ಮಾತ್ರಕ್ಕೆ ಆ ರಸ್ತೆಯಲ್ಲಿ ಬೇಗ ಸಾಗಲಾಗದು. ಇಂತಹ ಸಂದರ್ಭದಲ್ಲಿ ಹೆಚ್ಚಿನ ವೇಗದ ಯೋಜನೆಗಿಂತ ಬೇರೆ ಕಂಪನಿಯೇ ಪರಿಹಾರವಾಗಬಹುದು. ಅದೇ ಬೀದಿಯಲ್ಲಿ ಆ ಕಂಪನಿಯ ಸೇವೆ ಪಡೆದಿರುವವರ ರಾತ್ರಿ ಎಂಟು ಗಂಟೆಯ ಅನುಭವವನ್ನು ವಿಚಾರಿಸುವುದು ಯಾವ ಜಾಹೀರಾತಿಗಿಂತಲೂ ಹೆಚ್ಚು ನಂಬಲರ್ಹ.

ಎಲ್ಲ ಹೊತ್ತಿನಲ್ಲೂ ರೂಟರ್‌ನ ಪಕ್ಕದಲ್ಲಿಯೇ ಒಪ್ಪಿದ ವೇಗ ಬಾರದಿದ್ದರೆ ದೂರು ಕೊಡುವ ಹಕ್ಕು ಗ್ರಾಹಕರಿಗಿದೆ. ಮೊದಲು ಕಂಪನಿಯ ದೂರು ಕೇಂದ್ರಕ್ಕೆ ದೂರು ನೀಡಿ ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ದಿನಾಂಕ, ಹೊತ್ತು, ವೇಗ ಎಂಬ ಮೂರು ಕಲಮುಗಳ ಪಟ್ಟಿ ಕೈಯಲ್ಲಿದ್ದರೆ ದೂರಿಗೆ ಬಲ ಬರುತ್ತದೆ.

ಸಂಪರ್ಕ ಪೂರ್ತಿಯಾಗಿ ಕಡಿದಾಗ ಮೋಡೆಮ್‌ನ ದೀಪಗಳನ್ನು ನೋಡಬೇಕು. ‘ಎಲ್‌ಒಎಸ್’ ಎಂಬ ಗುರುತಿನ ಕೆಂಪು ದೀಪ ಉರಿಯುತ್ತಿದ್ದರೆ ಬೆಳಕಿನ ಸಂಕೇತ ಮನೆಗೆ ತಲಪುತ್ತಿಲ್ಲವೆಂದು ಅರ್ಥ; ಮನೆಯಲ್ಲಿ ಏನು ಮಾಡಿದರೂ ಸರಿಹೋಗದು. ವಿದ್ಯುತ್ ಹೋದಾಗ ಮೋಡೆಮ್ ಕೂಡ ನಿಲ್ಲುತ್ತದೆ. ಅದಕ್ಕೆಂದೇ ದೊರೆಯುವ ಚಿಕ್ಕ ಬ್ಯಾಟರಿ ಪೆಟ್ಟಿಗೆಯೊಂದನ್ನು ಜೋಡಿಸಿದರೆ ತರಬೇತಿಯ ನಡುವೆ ಸಂಪರ್ಕ ಕಡಿಯುವುದು ತಪ್ಪುತ್ತದೆ. ಹಲವರ ಪಾಲಿಗೆ ಈ ಒಂದು ಖರ್ಚು ಹೆಚ್ಚಿನ ವೇಗಕ್ಕಿಂತ ಉಪಯುಕ್ತ.

ಕನ್ನಡಕ್ಕೆ ಎಷ್ಟು ವೇಗ ಬೇಕು?

ಕನ್ನಡ ಮಾಧ್ಯಮದ ಶಿಕ್ಷಕರು ಪಾಲಕರಿಗೆ ತಪ್ಪದೆ ತಿಳಿಸಬೇಕಾದ ಅಂಶವಿದು. ಮಗುವಿನ ಕನ್ನಡವನ್ನು ಬೆಳೆಸುವ ಸಾಮಗ್ರಿಗಳಿಗೆ ಬೇಕಾಗುವ ವೇಗ ಅತ್ಯಲ್ಪ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿ ನಿಘಂಟುಗಳಿವೆ. ಕರ್ನಾಟಕ ಸರ್ಕಾರದ ‘ಕಣಜ’ದಲ್ಲಿ ಜ್ಞಾನ ಸಾಹಿತ್ಯವಿದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ವಿಶ್ವಕೋಶದ ಲೇಖನಗಳಿವೆ. ಇವೆಲ್ಲ ಮುಖ್ಯವಾಗಿ ಅಕ್ಷರದ ಪುಟಗಳು. ಸಾಧಾರಣ ಮೊಬೈಲ್ ಸಂಪರ್ಕದಲ್ಲೂ ತೆರೆಯುತ್ತವೆ. ಆಕಾಶವಾಣಿಯ ಕನ್ನಡ ಪ್ರಸಾರವನ್ನು ಅಂತರ್ಜಾಲದಲ್ಲಿ ಕೇಳಲು ಅರ್ಧ ಮೆಗಾಬಿಟ್ ಸಹ ಬೇಡ. 2017ರಲ್ಲಿ ಆರಂಭವಾದ ‘ದೀಕ್ಷಾ’ ವೇದಿಕೆಯಲ್ಲಿ ಕರ್ನಾಟಕ ರಾಜ್ಯವನ್ನೂ ಕನ್ನಡ ಮಾಧ್ಯಮವನ್ನೂ ಆಯ್ದುಕೊಂಡರೆ ಪಾಠಗಳು ದೊರೆಯುತ್ತವೆ. ಅವುಗಳನ್ನು ಒಮ್ಮೆ ಇಳಿಸಿಕೊಂಡರೆ ಅನಂತರ ಸಂಪರ್ಕವಿಲ್ಲದೆಯೂ ನೋಡಬಹುದು. ತಮಿಳುನಾಡಿನ ಪಠ್ಯಕ್ರಮಕ್ಕೆ ಹೊಂದುವ ಘಟಕಗಳನ್ನು ಶಿಕ್ಷಕರು ಮೊದಲೇ ಆರಿಸಿ ಹೇಳಿದರೆ ಮಕ್ಕಳಿಗೆ ಹುಡುಕಾಟದ ಶ್ರಮ ತಪ್ಪುತ್ತದೆ.

‘ವೇಗದ ನೆಟ್ ಇಲ್ಲದ್ದರಿಂದ ನಮ್ಮ ಮಗು ಹಿಂದುಳಿಯಿತು’ ಎಂಬ ಕೊರಗು ಅನೇಕ ಮನೆಗಳಲ್ಲಿದೆ. ಆ ಕೊರಗಿಗೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣವಿಲ್ಲ. ಮಗುವಿಗೆ ಬೇಕಾದುದು ಕಡಿಯದೆ ಬರುವ 5 ಮೆಗಾಬಿಟ್, ಏನನ್ನು ನೋಡಬೇಕೆಂದು ತಿಳಿಸುವ ಒಬ್ಬ ಶಿಕ್ಷಕ, ಜೊತೆಗೆ ಕುಳಿತುಕೊಳ್ಳುವ ಒಬ್ಬ ಹಿರಿಯರು.

ತರಗತಿ ಚಟುವಟಿಕೆ

ಏಳು ಅಥವಾ ಎಂಟನೆಯ ತರಗತಿಯಲ್ಲಿ ಏಕಮಾನಗಳ ಪರಿವರ್ತನೆ, ಅನುಪಾತ ಮತ್ತು ಶೇಕಡಾವಾರು ಲೆಕ್ಕಗಳನ್ನು ಬೋಧಿಸುವಾಗ ಈ ವಿಷಯವನ್ನು ಬಳಸಿಕೊಳ್ಳಬಹುದು. ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯಲ್ಲಿ ರಾತ್ರಿ ಎಂಟು ಗಂಟೆಗೆ ಏಕಕಾಲಕ್ಕೆ ನಡೆಯುವ ಬಳಕೆಗಳನ್ನು ಪಟ್ಟಿ ಮಾಡಲಿ. ಮೇಲೆ ಕೊಟ್ಟ ಅಂದಾಜುಗಳನ್ನು ಕೂಡಿಸಲಿ. ಅರ್ಧ ಮೀಸಲು ಸೇರಿಸಲಿ. ಅಂತರ್ಜಾಲವಿಲ್ಲದ ಮನೆಯ ಮಕ್ಕಳಿಗೆ ಮುಜುಗರವಾಗದಂತೆ ಶಾಲೆಯ ಅಥವಾ ಕಲ್ಪಿತ ಕುಟುಂಬವೊಂದರ ಲೆಕ್ಕವನ್ನು ಗುಂಪಿನಲ್ಲಿ ಮಾಡಿಸುವುದು ಉತ್ತಮ.

ಅನಂತರ ಈ ಪ್ರಶ್ನೆಗಳನ್ನು ಕೊಡಬಹುದು.

1. ಸೆಕೆಂಡಿಗೆ 30 ಮೆಗಾಬಿಟ್ ವೇಗದಲ್ಲಿ 90 ಮೆಗಾಬೈಟ್ ಗಾತ್ರದ ಪುಸ್ತಕವನ್ನು ಇಳಿಸಿಕೊಳ್ಳಲು ಎಷ್ಟು ಸೆಕೆಂಡು ಬೇಕು?
2. ಜಿಎಸ್‌ಟಿ ಸೇರಿಸದೆ ತಿಂಗಳಿಗೆ 500 ರೂಪಾಯಿ ಇರುವ ಯೋಜನೆಗೆ ಒಂದು ವರ್ಷದಲ್ಲಿ ತೆರಬೇಕಾದ ಒಟ್ಟು ಹಣವೆಷ್ಟು?
3. ಮೂರು ಪೂರ್ಣ ಸ್ಪಷ್ಟತೆಯ ವಿಡಿಯೊಗಳು ಮತ್ತು ಒಂದು ಆನ್‌ಲೈನ್ ಸಭೆ ಏಕಕಾಲಕ್ಕೆ ನಡೆಯುವ ಮನೆಗೆ, ಮೀಸಲು ಸೇರಿ, ಎಷ್ಟು ವೇಗ ಬೇಕು?

ಉತ್ತರಗಳು ಕ್ರಮವಾಗಿ 24 ಸೆಕೆಂಡು, 7080 ರೂಪಾಯಿ, ಸಭೆಗೆ 4ರಂತೆ ಹಿಡಿದರೆ 28.5 ಮೆಗಾಬಿಟ್. ಮೂರನೆಯ ಪ್ರಶ್ನೆಯ ಉತ್ತರವನ್ನು ಮಕ್ಕಳು ಮನೆಗೆ ಒಯ್ದು ತಮ್ಮ ಮನೆಯ ಬಿಲ್ಲಿನಲ್ಲಿರುವ ಸಂಖ್ಯೆಯೊಡನೆ ಹೋಲಿಸಿ ನೋಡಲಿ. ಬಿಲ್ಲಿನ ಸಂಖ್ಯೆ ಇದಕ್ಕಿಂತ ಬಹಳ ಹೆಚ್ಚಿದ್ದರೆ ಅದಕ್ಕೆ ಕಾರಣವೇನೆಂದು ಮರುದಿನ ತರಗತಿಯಲ್ಲಿ ಚರ್ಚಿಸಬಹುದು.